ಬಲಗೈ ಗವಸು

ಮುಂದಾಳು ನಾಯಿ ಪೈಲಟ್‌ನ ಎಡಗಿವಿ ಮತ್ತೆ ಹಿಂದಕ್ಕೆ ಹೊರಳಿತು, ಬಂತಪ್ಪ ಇದರ ಹಳೇ ಚಾಳಿ, ಮುಂದೆ ನೋಡಿಕೊಂಡು ಓಡು ಎಂದರೆ ಹಿಂದಕ್ಕೆ ಕಿವಿ ಕೊಡುತ್ತದೆ, ಹಿಂದೆ ಇರುವವಳು ನಾನು ಕಣೋ, ಅಗಾಫ್ಯಾ, ಜಾರುಬಂಡಿಯ ಪಟ್ಟಿಗಳ ಮೇಲೆ ಕಾಲೂರಿ ಹಿಡಿಗೋಲಿಗೆ ಜೋತು ಬಿದ್ದವಳು, ರೆಪ್ಪೆಗೆ ರೆಪ್ಪೆ ಹೆಪ್ಪುಗಟ್ಟಿ ಒಂದೇ ಕಣ್ಣಿನಲ್ಲಿ ನದಿ ನೋಡುತ್ತಿರುವವಳು — ಆದರೆ ಅದಕ್ಕೆ ಬೇಕಾದದ್ದು ನನ್ನ ದನಿಯಲ್ಲ, ನನ್ನ ತಮ್ಮ ಅಂಗಲ್ಗಾಕ್‌ನ ದನಿ, ಅವನು ಈ ಪಟ್ಟಿಗಳ ಮೇಲೆ ನಿಲ್ಲದೆ ಇದು ಮೂರನೇ ಚಳಿಗಾಲ, ಈ ದರಿದ್ರ ನಾಯಿಗೆ ಇನ್ನೂ ಗೊತ್ತಾಗಿಲ್ಲ, ಅಥವಾ ಗೊತ್ತಾಗಿಯೂ ನನ್ನನ್ನು ಹಂಗಿಸುತ್ತಿದೆ, ಎಡಕ್ಕೆ ಎಂದರೆ ಎಡಕ್ಕೆ ಹೋಗುತ್ತದೆ, ನಿಲ್ಲು ಎಂದರೆ ನಿಲ್ಲುತ್ತದೆ, ಎಲ್ಲ ಮಾಡುತ್ತದೆ, ಮಾಡಿಯಾದ ಮೇಲೆ ತಿರುಗಿ ನನ್ನ ಭುಜದಾಚೆ ಯಾರನ್ನೋ ಹುಡುಕುತ್ತದೆ. ಹುಡುಕು, ಹುಡುಕಿಕೊಂಡು ಸಾಯಿ. ಚಹಾ ಎರಚಿದರೆ ಕೆಳಗೆ ಬೀಳುವ ಮೊದಲೇ ಹೊಗೆಯಾಗಿ ಹೋಗುವ ಚಳಿ, ಹೊರಡುವಾಗ ಒಲಿಂಕ ಅತ್ತೆ ಬಾಗಿಲಿಗೆ ಅಡ್ಡ ನಿಂತು ಇವತ್ತೊಂದಿನ ಬಿಡೇ, ನಾಯಿಗಳ ಎದೆ ಸುಟ್ಟೋಗತ್ತೆ ಎಂದಳು, ನನ್ನದು ಸುಟ್ಟು ಕರಕಲಾಗಿದೆ, ಅದನ್ನು ಯಾರು ಕೇಳಿದರು, ಬಿಡಲ್ಲ ಅತ್ತೆ, ರೇಸಿನ ದಿನ ಚಳಿ ನಮ್ಮನ್ನ ನೋಡಿ ಹೆದರ್ಕೊಂಡು ಮನೇಲಿ ಕೂರತ್ತಾ ಎಂದು ಬಂದುಬಿಟ್ಟೆ. ಹಿಮ ಬೀಳುವ ಮುಂಚಿನಿಂದ ಓಡಿಸುತ್ತಿದ್ದೇನೆ ಇವನ್ನು, ಕೆಸರಿನಲ್ಲಿ, ಇಂಜಿನ್ ಆರಿಸಿದ ನಾಲ್ಕು ಚಕ್ರದ ಗಾಡಿಗೆ ಕಟ್ಟಿ ಎಳೆಸಿ, ಬೇಸಿಗೆಯಿಡೀ ಸಾಲ್ಮನ್ ಸೀಳಿ ಒಣಗಿಸಿದ್ದು ಇವುಗಳ ಹೊಟ್ಟೆಗೆ, ನನ್ನ ಕೂದಲಿಗೆ ಈಗಲೂ ಮೀನಿನ ವಾಸನೆ, ಹಬೆಮನೆಯಲ್ಲಿ ಎಷ್ಟು ಬೆವರಿದರೂ ಹೋಗುವುದಿಲ್ಲ. ಬಂಡಿಗೆ ಅಂಟಿಕೊಂಡು ಓಡುವ ಜೋಡಿಯಲ್ಲಿ ಒಂದು, ಟ್ರಕ್ ಎನ್ನುವ ದಡಿಯ, ಓಡುತ್ತಲೇ ಹೂಸು ಬಿಡುತ್ತದೆ, ಎಲ್ಲ ನನ್ನ ಮುಖಕ್ಕೇ, ತಿಂದದ್ದಕ್ಕೆ ಅದು ತೋರಿಸುವ ಕೃತಜ್ಞತೆ. ಇಷ್ಟೆಲ್ಲ ಗೆಲ್ಲುವುದಕ್ಕಲ್ಲ. ಗೆಲ್ಲುವವರು ಗೆಲ್ಲಲಿ, ಟ್ರೋಫಿ ತೆಗೆದುಕೊಂಡು ಕಿಟಕಿಯಲ್ಲಿಡಲಿ, ನನಗೆ ಬೇಕಾದದ್ದು ಇಷ್ಟೇ, ತಮ್ಮನ ಜೊತೆಗಾರನಾಗಿದ್ದ ವಾಸ್ಕ ನನ್ನ ಹಿಂದೆ ಇರಬೇಕು, ರೇಸಿನ ದಾರಿಯುದ್ದಕ್ಕೂ ನನ್ನ ಬೆನ್ನು ನೋಡಿಕೊಂಡು ಬರಬೇಕು, ಬೆನ್ನಿಗೆ ಕಟ್ಟಿಕೊಂಡದ್ದನ್ನು ನೋಡಿಕೊಂಡು ಬರಬೇಕು.

ಗವಸು ಸೊಂಟದ ಹಿಂದೆ ಬಡಿಯುತ್ತಿದೆ, ಟಪ್ ಟಪ್ ಟಪ್, ಬೀವರ್ ತುಪ್ಪಳದ ಬಲಗೈ ಗವಸು, ಮೊಣಕೈವರೆಗೆ ಬರುವಂಥದ್ದು, ನಾನೇ ಹೊಲಿದದ್ದು, ಕಳೆದು ಹೋಗದ ಹಾಗೆ ಎರಡಕ್ಕೂ ಉಣ್ಣೆದಾರ ಹೆಣೆದು ಕೊರಳಿಗೆ ಹಾಕಿಕೊಳ್ಳಲು ತಮ್ಮನಿಗೆ ಕೊಟ್ಟಿದ್ದೆ, ದಾರ ಹಾಕ್ಕೊಳ್ಳೋಕೆ ನಾನೇನು ಮಗೂನಾ ಅಕ್ಕ ಎಂದು ಕಿತ್ತು ಬಿಸಾಡಿದ್ದ, ಎಡಗೈಯದು ಅವನ ಜೊತೆಗೇ ಹೋಯಿತು, ಇದೊಂದು ಉಳಿಯಿತು, ಇವತ್ತು ಮೊದಲ ಸಲ ಹೊರಗೆ ತಂದಿದ್ದೇನೆ, ರೇಸಿಗೆ ಮುಂಚೆ ಇದಕ್ಕೂ ಅಭ್ಯಾಸವಾಗಲಿ. ಅವತ್ತು ಇದನ್ನು ತಂದುಕೊಟ್ಟವನು ವಾಸ್ಕ. ಆಗಷ್ಟೇ ಹೆಪ್ಪುಗಟ್ಟಿದ್ದ ನದಿ, ಅವನೂ ತಮ್ಮನೂ ಆಚೆ ದಡಕ್ಕೆ ಸೌದೆಗೆ ಹೋದವರು, ತಮ್ಮನೇ ಮುಂದಾಗಿ ಹಾರೆಯಿಂದ ಮಂಜುಗಡ್ಡೆ ಕುಟ್ಟುತ್ತ ನಡೆಯುತ್ತಿದ್ದನಂತೆ, ಕುಟ್ಟಿದ ಜಾಗ ಗಟ್ಟಿ, ಕಾಲಿಟ್ಟ ಜಾಗ ಪೊಳ್ಳು, ವಾಸ್ಕ ಬೋರಲಾಗಿ ಮಲಗಿ ಕೈ ಹಿಡಿದನಂತೆ, ನೀರು ಕೆಳಗಿನಿಂದ ಎಳೆಯಿತಂತೆ — ಅಂತೆ ಅಂತೆ ಅಂತೆ, ನೋಡಿದವರು ಯಾರು, ನೋಡಿದವನು ಅವನೊಬ್ಬನೇ, ಹೇಳಿದವನೂ ಅವನೊಬ್ಬನೇ. ಒಲೆಯ ಮುಂದೆ ನಿಂತಿದ್ದೆ, ಬಾಗಿಲು ತೆರೆಯಿತು, ಒಳಗೆ ಬಂದವನ ಬಟ್ಟೆಯೆಲ್ಲ ಮಂಜಿನ ಹಲಗೆ, ಮಂಡಿ ಬಗ್ಗಿಸಲಾಗದೆ ಮರದ ಕಾಲಿನವನ ಹಾಗೆ ನಡೆದು ಬಂದು ಈ ಗವಸನ್ನು ಮೇಜಿನ ಮೇಲಿಟ್ಟ, ನನ್ನ ಮುಖ ನೋಡಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು, ಆಮೇಲೆ ಆ ಮಾತು ಆಡಿದ, ಒಳಗೆ ಇನ್ನೂ ಬೆಚ್ಚಗಿತ್ತು ಅಕ್ಕ. ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ಅಳಲಿಲ್ಲ, ನಿನ್ನ ತಮ್ಮ ಹೋದ ಎಂದು ಕೂಡ ಹೇಳಲಿಲ್ಲ, ಬೆಚ್ಚಗಿತ್ತಂತೆ! ಯಾರಿಗೆ ಬೇಕಿತ್ತು ಅದು, ಬೆಚ್ಚಗಿದ್ದದ್ದನ್ನು ಬಿಟ್ಟವನು ನೀನೇ ತಾನೇ. ಅವನ ಬಲಗೈಯ ಮೂರು ಬೆರಳ ತುದಿ ಚಳಿಗೆ ಕಪ್ಪಾಗಿ ಉದುರಿದವು, ಊರಿನವರೆಲ್ಲ ಅದನ್ನೇ ಸಾಕ್ಷಿಗೆ ಹಿಡಿಯುತ್ತಾರೆ, ಪಾಪ, ನೀರಲ್ಲಿ ಅಷ್ಟೊತ್ತು ಕೈಯಿಟ್ಟಿದ್ದ ಕಣೇ ಎನ್ನುತ್ತಾರೆ, ಇಟ್ಟಿರಲಿ, ತುದಿ ಹೋದರೇನು, ಮಿಕ್ಕ ಮನುಷ್ಯ ಪೂರಾ ಇದ್ದಾನಲ್ಲ, ಹೆಂಡತಿ ಇದ್ದಾಳೆ, ಹೋದ ವರ್ಷ ರೇಸು ಗೆದ್ದ, ಮೀನು ತಿನ್ನುತ್ತಾನೆ, ನಗುತ್ತಾನೆ. ಅಪ್ಪ ನಮಗೆಲ್ಲ ಮೊದಲು ಕಲಿಸಿದ ಪಾಠ ಒಂದೇ, ಬಂಡಿಯ ಹಿಡಿ ಬಿಡಬೇಡ, ಮಗುಚಿ ಬಿದ್ದರೂ, ಮುಖ ಹಿಮದಲ್ಲಿ ಉಜ್ಜಿ ಹೋದರೂ, ಭುಜ ಕಿತ್ತು ಬಂದರೂ ಬಿಡಬೇಡ, ಬಿಟ್ಟರೆ ನಾಯಿಗಳು ಹೋದವು, ನಾಯಿಗಳು ಹೋದರೆ ನೀನು ಹೋದೆ — ವಾಸ್ಕನೂ ನಮ್ಮ ಅಂಗಳದಲ್ಲೇ ಅದನ್ನು ಕಲಿತವನು, ಬಂಡಿಯ ಹಿಡಿ ಅವನೆಂದೂ ಬಿಟ್ಟವನಲ್ಲ, ಬಂಡಿ ಬಿಡದ ಕೈ ನನ್ನ ತಮ್ಮನ ಕೈ ಬಿಟ್ಟಿತು.

ಬಿಟ್ಟದ್ದು ಸಾಲದು ಎಂದು ಹೆಸರನ್ನೂ ಹೊತ್ತುಕೊಂಡು ಹೋದ. ಆ ಚಳಿಗಾಲ ಕಳೆದ ವಸಂತದಲ್ಲಿ, ಮಂಜುಗಡ್ಡೆ ಒಡೆದು ನದಿ ಗುಡುಗಿಕೊಂಡು ಹೋದ ವಾರ, ಅವನ ಹೆಂಡತಿ ನಾಸ್ತಾಸ್ಯ ಹೆತ್ತಳು, ಗಂಡು, ಊರ ಮುದುಕಿಯರೆಲ್ಲ ಸೇರಿ ಮಗುವಿನ ಬಾಯಿಗೆ ನೀರು ಮುಟ್ಟಿಸಿ ಅಂಗಲ್ಗಾಕ್ ಎಂದು ಕರೆದರು, ಬಂದ, ಬಂದ, ವಾಪಸ್ ಬಂದ ಎಂದು ಕಣ್ಣೊರೆಸಿಕೊಂಡರು, ನನಗೆ ಹೇಳಿಕಳಿಸಿದರು, ಬಾರೇ, ನಿನ್ನ ತಮ್ಮನ್ನ ನೋಡು ಬಾ. ನಾನು ಹೋಗಲಿಲ್ಲ. ಸತ್ತವನ ಹೆಸರು ಮಗುವಿಗೆ ಬಂದರೆ ಸತ್ತವನೇ ಬಂದ ಹಾಗೆ ಎಂದು ನಾನೂ ನಂಬಿ ಬೆಳೆದವಳು, ಚಿಕ್ಕವಳಿದ್ದಾಗ ಅಪ್ಪನಷ್ಟು ದೊಡ್ಡ ಗಂಡಸು ನನ್ನನ್ನು ಅಮ್ಮ ಎಂದು ಕರೆದು ಮಡಿಲಿಗೆ ಮೀನಿನ ಹೊಟ್ಟೆತುಂಡು ಹಾಕುತ್ತಿದ್ದ, ಅವನ ಅಮ್ಮನ ಹೆಸರು ನನ್ನದು, ನಾನೂ ಗತ್ತಿನಿಂದ ತಿನ್ನೋ ಮಗನೇ ಎನ್ನುತ್ತಿದ್ದೆ, ಎಲ್ಲರೂ ನಗುತ್ತಿದ್ದರು — ಆದರೆ ಎಲ್ಲ ಬಿಟ್ಟು ಆ ಮನೆಯಲ್ಲಾ, ಆ ಕೈಗಳಿಗಾ, ಬರುವುದಾದರೆ ಬೇರೆ ಬಾಗಿಲು ಸಿಗಲಿಲ್ಲವೇನೋ ನಿನಗೆ? ಹೋದ ವಾರ ಹಬೆಮನೆಯಲ್ಲಿ ಒಲಿಂಕ ಅತ್ತೆ ಕಲ್ಲಿಗೆ ನೀರು ಸುರಿದು, ಹಬೆಯಲ್ಲಿ ಮುಖ ಕಾಣದ ಹಾಗೆ ಮಾಡಿಕೊಂಡು ಶುರು ಮಾಡಿದಳು, ಮುಖ ಕಂಡರೆ ಅವಳಿಗೂ ಬಾಯಿ ಬರುವುದಿಲ್ಲ, ಆ ಮಗೂಗೆ ಬಲಗೈ ಗವಸು ನಿಲ್ಲಲ್ಲ ಕಣೇ, ಎಡಗೈದು ಇರತ್ತೆ, ಬಲಗೈದು ಕಿತ್ ಬಿಸಾಡತ್ತೆ, ದಾರ ಕಟ್ಟಿದ್ರೂ ಕೇಳಲ್ಲ, ಹಠ ನೋಡಿದ್ರೆ ಅವನೇ. ಎಲ್ಲ ಮಕ್ಕಳೂ ಕಿತ್ ಬಿಸಾಡ್ತವೆ ಅತ್ತೆ ಎಂದೆ. ಅಲ್ಲಿ, ಸತ್ತವರ ಲೋಕದಲ್ಲಿ, ಅವನ ಕೈ ತಣ್ಣಗಿದೆ ಎಂದಳು, ನೀನು ಈ ಮಗೂಗೊಂದು ಹೊಲ್ಕೊಡು, ಅವನಿಗೂ ಮುಟ್ಟತ್ತೆ, ಅಕ್ಕ ಅನ್ನೋಳು ನೀನೊಬ್ಳೇ ಇರೋದು, ಬೇರೆ ಯಾರ ಕೈಯಿಂದ ಬೆಚ್ಚಗಾಗ್ಬೇಕು ಅವನು? ಆ ಮೂಲೆಯಿಂದ ಯಾರೋ, ನಾಸ್ತಾಸ್ಯಳ ಚಿಕ್ಕಮ್ಮನೇ ಇರಬೇಕು, ಊರ ನಾಯಿಗಳಿಗೆಲ್ಲ ಕಾಲುಚೀಲ ಹೊಲೀತಾಳೆ, ಸ್ವಂತ ತಮ್ಮನಿಗೆ ಮಾತ್ರ ದಾರ ಇಲ್ಲ ಎಂದಳು, ಹಬೆಯಲ್ಲಿ ನಗು ಎದ್ದಿತು, ನಾನು ನೀರಿನ ಸೌಟು ನೆಲಕ್ಕೆ ಬಡಿದು, ಕೈ ಬಿಟ್ಟೋರ ಮನೇಲೇ ಗವಸೂ ಹೊಲ್ಕೊಳ್ಳಿ ಎಂದು ಬೆವರು ಹಾಗೇ ಇರುವಾಗಲೇ ಆಚೆ ಬಂದೆ, ಹೊಸಿಲು ದಾಟುವಷ್ಟರಲ್ಲಿ ಕೂದಲು ಕಡ್ಡಿಯಾಗಿ ನಿಂತಿತ್ತು. ಊರ ಬಾಯಿಗೆ ಮುಚ್ಚಳವಿಲ್ಲ. ಆದರೆ ಆ ರಾತ್ರಿಯಿಂದ, ಹೇಳಬಾರದು, ಹಾಸಿಗೆಯಲ್ಲಿ ನನ್ನ ಬಲಗೈ ತಣ್ಣಗಾಗುತ್ತದೆ, ಎಡಗೈ ಅಲ್ಲ, ಬಲಗೈ ಮಾತ್ರ, ತೊಡೆಯ ಸಂದಿನಲ್ಲಿ ಇಟ್ಟುಕೊಂಡರೂ ಕಾಯುವುದಿಲ್ಲ.

ಪೈಲಟ್‌ನ ಕಿವಿ ಮತ್ತೆ ಹಿಂದಕ್ಕೆ, ಈ ಸಲ ಎರಡೂ ಕಿವಿ, ಅದರ ಜೋಡಿ ಡಾಲಿಯ ಕಿವಿಯೂ, ಎಲ್ಲ ನಾಯಿಗಳ ಬಾಲವೂ ಒಮ್ಮೆಗೇ ಬಿಗಿದವು, ಇದು ಸತ್ತವರನ್ನು ಕೇಳುವ ಕಿವಿಯಲ್ಲ, ತಿರುಗಿ ನೋಡಿದರೆ ಹೌದು, ನದಿಯ ತಿರುವಿನಲ್ಲಿ ಉಸಿರಿನ ಬಿಳಿ ಮೋಡ, ಮೋಡದೊಳಗೆ ಕಾಲುಗಳು, ಮೋಡದ ಹಿಂದೆ ವಾಸ್ಕ, ಇಡೀ ನದಿಯಲ್ಲಿ ಇವತ್ತು ನಾಯಿ ಕಟ್ಟಿಕೊಂಡು ಹೊರಟವರು ಇಬ್ಬರೇ, ಹುಚ್ಚಿ ಒಬ್ಬಳು, ಅವಳಿಗೆ ಸರಿಯಾದವನು ಇನ್ನೊಬ್ಬ. ದಾರಿ ಎಂದು ಕೂಗಿದ. ಹಿಂದಿನವನು ದಾರಿ ಎಂದು ಕೂಗಿದರೆ ಮುಂದಿನವನು ನಾಯಿಗಳನ್ನು ಪಕ್ಕಕ್ಕೆ ಎಳೆದು ನಿಲ್ಲಿಸಬೇಕು, ರೇಸಿನಲ್ಲೂ ಅಷ್ಟೇ, ಬರಿಯ ದಿನದಲ್ಲೂ ಅಷ್ಟೇ, ಬದ್ಧವೈರಿಯಾದರೂ ಬಿಡಬೇಕು, ನಾನು ಬಿಡಲಿಲ್ಲ. ದಾರಿ ಬಿಡಿ ಅಕ್ಕಾ! ನದಿ ಅಷ್ಟು ಅಗಲ ಇದ್ಯಲ್ಲೋ, ಪಕ್ಕದಲ್ಲಿ ಹೋಗು! ಪಕ್ಕದಲ್ಲಿ ಹಿಮದ ಕೆಳಗೆ ನೀರು ನುಗ್ಗಿದೆ ಅಕ್ಕಾ, ನಾಯಿ ಕಾಲು ನೆನೆಯತ್ತೆ, ನಿಮಗೆ ಗೊತ್ತಿಲ್ವಾ! ನೀರಿನ ವಿಷ್ಯ ನೀನು ನಂಗೆ ಹೇಳ್ಕೊಡ್ತೀಯೇನೋ ಎಂದೆ, ಗಂಟಲು ಹರಿಯುವ ಹಾಗೆ ಕೂಗಿದೆ, ನೀನಾ, ನಂಗಾ? ಆಮೇಲೆ ಬಂಡಿಗಳ ಕಿರಕಿರ, ಕಾಲುಚೀಲಗಳ ಪಟಪಟ, ನನ್ನ ಸೊಂಟದ ಹಿಂದೆ ಟಪ್ ಟಪ್ ಟಪ್. ಕಂಡಿತು ಅವನಿಗೆ, ತಿರುಗಿ ನೋಡದೆಯೇ ಗೊತ್ತಾಯಿತು, ಬೆನ್ನಿಗೆ ಬಿಸಿ ತಾಗಿದ ಹಾಗೆ ಗೊತ್ತಾಯಿತು, ಇಷ್ಟು ದಿನ ಕಾದ ಸುಖ, ನೋಡೋ, ಚೆನ್ನಾಗಿ ನೋಡು, ಗುರುತು ಸಿಕ್ಕಿತೇನೋ, ಒಳಗೆ ಬೆಚ್ಚಗಿದೆಯಾ ಕೇಳು — ಮತ್ತೆ ನೋಡಿದರೆ ಅವನು ಕಾಲಿನ ಬ್ರೇಕು ಒತ್ತಿದ್ದ, ನಾಯಿಗಳನ್ನು ನಿಲ್ಲಿಸಿ, ಹಿಡಿಗೋಲಿನ ಮೇಲೆ ಬಗ್ಗಿ, ತಲೆ ಕೈಗಳ ನಡುವೆ, ನನ್ನನ್ನು ದೂರ ಹೋಗಲು ಬಿಡುತ್ತಿದ್ದ. ಮುಖ ಕಾಣಲಿಲ್ಲ. ಗೆದ್ದೆ ಎಂದುಕೊಂಡೆ, ಗೆದ್ದ ಹಾಗೆ ಅನಿಸಲಿಲ್ಲ, ಪೈಲಟ್, ಓಡೋ, ಏನು ನೋಡ್ತೀಯ, ಅವನಲ್ಲ, ಅವನೂ ಅಲ್ಲ, ಯಾರೂ ಇಲ್ಲ, ಓಡು. ಓಡಿದವು, ಇಡೀ ಚಳಿಗಾಲದಲ್ಲಿ ಓಡದ ಹಾಗೆ ಓಡಿದವು, ಹಿಂದೆ ಬೇರೆ ನಾಯಿಗಳ ವಾಸನೆ ಬಂದರೆ ಇವಕ್ಕೆ ಇನ್ನೊಂದು ಜೊತೆ ಕಾಲು ಬರುತ್ತವೆ, ಊರಿನ ಚರ್ಚಿನ ಈರುಳ್ಳಿಯಾಕಾರದ ಗೋಪುರ ಕಂಡಿತು, ಹೊಗೆಗಳು ನೆಟ್ಟಗೆ ನಿಂತದ್ದು ಕಂಡಿತು.

ದಡಕ್ಕೆ ಹತ್ತುವ ದಾರಿಯಲ್ಲಿ ಅಡ್ಡ ಯಾರೋ, ನೀರಿಗೆಂದು ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಹತ್ತಿರ, ಕೈಬಂಡಿಯಲ್ಲಿ ಎರಡು ಡ್ರಮ್ಮು, ಹತ್ತಿರ ಬಂದ ಮೇಲೆ ಕಂಡದ್ದು ನಾಸ್ತಾಸ್ಯ, ಬೇರೆ ಯಾರಾದರೂ ಆಗಬಾರದಿತ್ತಾ, ಪಕ್ಕದಲ್ಲಿ ತುಪ್ಪಳದ ಉಂಡೆಯೊಂದು ಎರಡು ಕಾಲ ಮೇಲೆ ನಿಂತಿದೆ, ನೋಡಬಾರದು, ಬ್ರೇಕು ಒತ್ತಿದೆ, ಬಂಡಿ ತಡೆಯುವ ಕೊಕ್ಕೆಯ ಲಂಗರು ಹಿಮಕ್ಕೆ ಎಸೆದು ಹಿಮ್ಮಡಿಯಿಂದ ಒಂದೇ ಸಲ ತುಳಿದೆ, ಎರಡು ಸಲ ತುಳಿಯಬೇಕು, ನೋಡಬಾರದು ಎನ್ನುವ ಅವಸರದಲ್ಲಿ ಒಂದೇ ಸಲ ತುಳಿದೆ. ಸರಿ ಅತ್ಲಾಗೆ ಎಂದೆ. ಡ್ರಮ್ಮು ತುಂಬಿದೆ ಅಕ್ಕ, ಒಂಚೂರು ತಡೀರಿ, ಎಳ್ಕೋತೀನಿ ಎಂದಳು, ಎಳೆಯಲು ಬಗ್ಗಿದಳು, ಅವಳ ಕೈ ಬಿಟ್ಟ ತುಪ್ಪಳದ ಉಂಡೆ ನನ್ನ ಕಡೆಗೇ ಹೊರಟಿತು, ನಾಯಿಗಳ ಪಕ್ಕದಲ್ಲಿ, ಹೆದರಿಕೆಯಿಲ್ಲದೆ, ಪೈಲಟ್ ನನಗೆ ಎಂದೂ ಆಡಿಸದ ಬಾಲವನ್ನು ಆಡಿಸಿತು, ಥೂ, ನಾಯಿ ಎಲ್ಲ ಮಕ್ಕಳಿಗೂ ಆಡಿಸುತ್ತದೆ, ನಾನು ಮುಂದೆ ನೋಡಿಕೊಂಡೇ ನಿಂತೆ, ಚರ್ಚು ನೋಡಿದೆ, ಹೊಗೆ ನೋಡಿದೆ, ಬಂಡಿ ಸ್ವಲ್ಪ ತೂಗಿತು, ನನ್ನ ಕಾಲಿನ ಪಕ್ಕ ಪಟ್ಟಿಯ ಮೇಲೆ ಅದು ಹತ್ತಿ ನಿಂತಿತು, ಪ್ಯಾಂಟು ಹಿಡಿದುಕೊಂಡಿತು, ಅಕ್ಕ ಎಂದಿತು. ಕಲಿಸಿದ್ದಾರೆ, ಕಲಿಸಿಕೊಟ್ಟು ಕಳಿಸಿದ್ದಾರೆ, ಇನ್ನೂ ಮಾತು ಸರಿಯಾಗಿ ಬಾರದ ಬಾಯಿಗೆ ನನ್ನಂಥ ನರೆಗೂದಲಿನವಳನ್ನು ಅಕ್ಕ ಎನ್ನಲು ಕಲಿಸಿದ್ದಾರೆ. ಅಕ್ಕ. ಸೊಂಟದ ಹಿಂದೆ ಎಳೆದ ಹಾಗಾಯಿತು, ಗಂಟು ಬಿಚ್ಚಿತು, ಗವಸು ಕಳಚಿತು. ಏಯ್, ಬಿಡು ಅದನ್ನ ಎಂದು ತಿರುಗಿದೆ, ತಿರುಗಬಾರದಿತ್ತು, ಎಡಗೈಯಲ್ಲಿ ಪುಟ್ಟ ಗವಸು, ಬಲಗೈ ಬರಿದು, ಚಳಿಗೆ ಕೆಂಪು ಮೀನಿನ ಹಾಗಾದ ಕೈ, ಆ ಕೈಯನ್ನು ನನ್ನ ತಮ್ಮನ ಗವಸಿನೊಳಗೆ ಭುಜದವರೆಗೂ ತೂರಿಸಿ ನನ್ನ ಮುಖ ನೋಡುತ್ತಿತ್ತು, ಯಾರ ಕಣ್ಣೂ ಅಲ್ಲ, ಒಂದು ಮಗುವಿನ ಕಣ್ಣು, ಸಿಂಬಳದ ಮೂಗು, ಹಿಂದಿನಿಂದ ದಾರಿ ಎಂಬ ಕೂಗು — ಬಂದ, ವಾಸ್ಕ ತಿರುವು ದಾಟಿ ಬಂದ, ಅವನ ನಾಯಿಗಳು ಇವುಗಳ ವಾಸನೆ ಹಿಡಿದು ನುಗ್ಗುತ್ತಿದ್ದವು, ಇವು ಅವುಗಳ ಸದ್ದಿಗೆ ಒಮ್ಮೆಗೇ ನೆಗೆದವು, ಒಂದೇ ಸಲ ತುಳಿದ ಲಂಗರು ಕಿತ್ತು ಹಾರಿತು, ಬಂಡಿ ಜಗ್ಗಿತು, ಮಗು ಹಿಂದಕ್ಕೆ ವಾಲಿತು, ಅದರ ಹಿಂದೆ ನುಗ್ಗಿ ಬರುತ್ತಿರುವ ಹಲ್ಲುಗಳು, ಕಾಲುಗಳು, ಭಾರದ ಬಂಡಿ. ಹಿಡಿದೆ. ಒಂದು ಕೈಯಲ್ಲಿ ಹಿಡಿಗೋಲು, ಇನ್ನೊಂದು ಕೈಯಲ್ಲಿ ಗವಸು, ಗವಸಿನೊಳಗೆ ಕೈ ಇದೆ, ಸಿಕ್ಕಿತು, ಗಟ್ಟಿಯಾಗಿ ಹಿಡಿದೆ, ಜೀವಮಾನದಲ್ಲಿ ಯಾವುದನ್ನೂ ಹಾಗೆ ಹಿಡಿದಿಲ್ಲ, ಬೆರಳು ಮುರಿಯುವಷ್ಟು, ಬಂಡಿ ಆ ಕಡೆ ಎಳೆಯಿತು, ಮಗು ಈ ಕಡೆ ಬಿತ್ತು, ನಾನು ಬಿಡಲಿಲ್ಲ, ನಾನು ಬಿಡಲಿಲ್ಲ, ಹಿಡಿಗೋಲನ್ನೇ ಬಿಟ್ಟೆ, ಅಪ್ಪ, ಬಂಡಿಯ ಹಿಡಿ ಬಿಟ್ಟೆ, ಇದನ್ನು ಬಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದೇ ಬಿದ್ದೆ, ಭಾರ ಇತ್ತು, ಇತ್ತು, ಇದ್ದಕ್ಕಿದ್ದ ಹಾಗೆ ಭಾರ ಇಲ್ಲ. ನಾಯಿಗಳ ಅರಚಾಟ, ನಾಸ್ತಾಸ್ಯಳ ಕೂಗು, ಮರ ಮುರಿಯುವ ಸದ್ದು, ವಾಸ್ಕ ತನ್ನ ಬಂಡಿಯನ್ನು ತಾನೇ ಮಗುಚಿ ಅದರ ಕೆಳಗೆ ಎಳೆದಾಡಿಸಿಕೊಂಡು ಬಂದ, ಅವನ ಮುಂದಾಳು ನಾಯಿಯ ಮೂಗು ಮಗುವಿನ ಟೋಪಿಗೆ ತಾಗಿ ನಿಂತಿತು, ಟೋಪಿ ನೆಕ್ಕಿತು. ಮಗು ಹಿಮದಲ್ಲಿ ಕೂತು, ಕೆಂಪು ಬರಿಗೈ ಎತ್ತಿ, ಇನ್ನೊಂದು ಸಲ ಎನ್ನುವ ಹಾಗೆ ಕೇಕೆ ಹಾಕಿತು. ನನ್ನ ನಾಯಿಗಳು ಖಾಲಿ ಬಂಡಿಯನ್ನು ಎಳೆದುಕೊಂಡು ದಡ ಹತ್ತಿ ಹೋಗುತ್ತಿವೆ, ಹೋಗಲಿ. ಬಂಡಿಯ ಕೆಳಗಿನಿಂದ ವಾಸ್ಕ ನನ್ನ ಕೈಯನ್ನೇ ನೋಡುತ್ತಿದ್ದಾನೆ, ಹಣೆಯಿಂದ ರಕ್ತ, ನಾನೂ ನೋಡಿದೆ, ಎರಡೂ ಕೈಗಳಲ್ಲಿ ಹಿಡಿದೇ ಇದ್ದೇನೆ, ಬೆರಳು ಬಿಡಿಸಲು ಬರುತ್ತಿಲ್ಲ, ಬಿಡಲಿಲ್ಲ ನಾನು, ನೀನು ನೋಡಿದೆಯಲ್ಲ ವಾಸ್ಕ, ನಾನು ಬಿಡಲಿಲ್ಲ, ಗವಸು, ಬಲಗೈ ಗವಸು, ಖಾಲಿ, ಒಳಗೆ ಬೆರಳು ಹಾಕಿದೆ, ಒಳಗೆ ಇನ್ನೂ ಬೆಚ್ಚಗಿತ್ತು.